ಹಡಗಿನ ಪುಸ್ತಕ

“ಏಮ್ರಾ, ಬಿಳಿ ದೊರೆ ದೊರೆಸಾನಿಗಳು ಕುಣಿಯೋಕೆ ಊದಿ ಅವರ ಎಂಜಲು ತಿಂದ ಬಾಯಿ ಇದು. ನನ್ನ ಮಗಳ ಧಾರೆ ಹೊತ್ತಲ್ಲಿ ಈ ಬಾಯಲ್ಲಿ ಊದ್ತೀಯಾ? ಬೂಟು ಬಿಚ್ಚು. ಚಪ್ಪರದಾಚೆ ನಿಂತ್ಕೊ.”

ದೇವರಾಯಸಮುದ್ರದ ಪಟೇಲ ಕೋದಂಡರಾಮಪ್ಪ ಮುನ್ನೂರು ಜನರ ಎದುರಿಗೆ ಈ ಮಾತು ಹೇಳಿದ್ದು 1937ರ ಮಾರ್ಚ್ 14, ಭಾನುವಾರ. ಹೇಳಿಸಿಕೊಂಡವನು ಕದಿರೇಶ, ದೇವಸ್ಥಾನದ ವಾಲಗದ ಮನೆಯ ಕಿರಿಯ ಮಗ. ಚಿನ್ನದ ಗಣಿಯ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಕಲಿತು, ಬೊಂಬಾಯಿಯಿಂದ ವಿಲಾಯಿತಿಗೆ ಹೋಗುವ ಹಡಗಿನಲ್ಲಿ ನಾಲ್ಕು ವರ್ಷ ನುಡಿಸಿ, ರಜೆಯ ಮೇಲೆ ಊರಿಗೆ ಬಂದಿದ್ದ. ಅವನು ಯಾರ ಎಂಜಲೂ ತಿಂದಿರಲಿಲ್ಲ. ಬಿರುಗಾಳಿಯಲ್ಲಿ ಕುರ್ಚಿಯನ್ನು ಕಂಬಕ್ಕೆ ಕಟ್ಟಿಸಿಕೊಂಡು ಊದಿ, ದುಡಿದು ತಿಂದಿದ್ದ. ಮುನ್ನೂರು ಜನರಲ್ಲಿ ಕೆಲವರು ನಕ್ಕರು.

ನಾಲ್ಕು ದಿನದ ಮೇಲೆ, 18ರ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಕದಿರೇಶ ಮುಳಬಾಗಿಲು ಸ್ಟೇಷನ್ನಿನ ಮೆಟ್ಟಿಲು ಹತ್ತಿದ. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯ ಒಳಗೆ, ತಾನು ಕೆರೆಗೆ ಸ್ನಾನಕ್ಕೆ ಹೋಗಿದ್ದಾಗ, ಕ್ಲಾರಿಯೊನೆಟ್ ಪೆಟ್ಟಿಗೆಯಲ್ಲಿಟ್ಟಿದ್ದ ಹಡಗಿನ ಪುಸ್ತಕ ಕಳುವಾಗಿದೆ ಎಂದ. ದಫೇದಾರ್ ಆಂಜಿನಪ್ಪ ತಲೆ ಎತ್ತದೆ, ಊರ ಪಟೇಲರ ರಿಪೋರ್ಟ್ ಎಲ್ಲಿ ಎಂದು ಕೇಳಿದ. ಹಳ್ಳಿಯ ದೂರು ಪಟೇಲನ ಕೈ ದಾಟಿ ಬರಬೇಕು, ಅದು ಪದ್ಧತಿ.

“ಕದ್ದೋನು ಅವನೇ ಅಂತ ಅವನ ಕೈಲೇ ಬರೆಸ್ಕೊಂಡು ಬರ್ಲಾ ಸ್ವಾಮಿ?”

ಒಳಗಿನಿಂದ ಈ ಮಾತು ಕೇಳಿದ ಇನ್‌ಸ್ಪೆಕ್ಟರ್ ಶ್ರೀರಾಮಪ್ಪ ಅವನನ್ನು ಕರೆಸಿದರು. ಪುಸ್ತಕದಲ್ಲಿ ಅಂಥದ್ದೇನಿದೆ ಎಂದು ಕೇಳಿದರು. ಅದರಲ್ಲಿ ಅವನ ಫೋಟೋ ಇತ್ತು, ಪ್ರತಿ ಪ್ರಯಾಣಕ್ಕೂ ಕಪ್ತಾನನ ಮೊಹರು ಇತ್ತು. ಅದಿಲ್ಲದೆ ಬಂದರಿನ ಗೇಟು ದಾಟಲಾಗದು. ಇನ್ನೊಂದು ಮಾಡಿಸಲು ಆರು ತಿಂಗಳು ಬೇಕು. ಹಡಗು ಹೊರಡುವುದು ಏಪ್ರಿಲ್ 3ಕ್ಕೆ. ಅಷ್ಟರಲ್ಲಿ ಹೋಗದಿದ್ದರೆ ಅವನ ಕುರ್ಚಿಯಲ್ಲಿ ಬೇರೊಬ್ಬ ಕೂರುತ್ತಾನೆ. ಎರಡೂವರೆಗೆ ಎಫ್.ಐ.ಆರ್. ದಾಖಲಾಯಿತು.

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಕದಿರೇಶನ ಮನೆಯಲ್ಲಿ ಪಂಚನಾಮೆ. ಊರಿನ ಮೊದಲ ಪಂಚ, ಅಂದರೆ ಸಾಕ್ಷಿ, ಯಾವಾಗಲೂ ಪಟೇಲನೇ. ಕೋದಂಡರಾಮಪ್ಪ ಬಂದು ಜಗಲಿಯ ಮೇಲೆ ಕೂತ. ಗುರುವಾರವಿಡೀ ತಾನು ಶ್ರೀನಿವಾಸಪುರದ ಬೀಗರ ಮನೆಯಲ್ಲಿದ್ದೆ, ಆಳುಗಳೂ ಜೊತೆಯಲ್ಲೇ ಇದ್ದರು ಎಂದ. ದಫೇದಾರ್ ಸೈಕಲ್ಲಿನಲ್ಲಿ ಹೋಗಿ ವಿಚಾರಿಸಿಕೊಂಡು ಬಂದ. ಮಾತು ನಿಜವಾಗಿತ್ತು.

ಕದಿರೇಶನ ಕೋಣೆಯ ಬೀಗ ಒಡೆದಿರಲಿಲ್ಲ. ಕೀಲಿಕೈ ಬಾಗಿಲ ಮೇಲಿನ ಸಂದಿಯಲ್ಲಿತ್ತು. ಕೋಟು, ಕೈಗಡಿಯಾರ, ಕ್ಲಾರಿಯೊನೆಟ್ ಎಲ್ಲವೂ ಇದ್ದವು. ಶ್ರೀರಾಮಪ್ಪನವರು ಕೋಣೆಯ ಒಂದೊಂದೇ ಸಾಮಾನನ್ನು ಓದಿ ಹೇಳುತ್ತ ಬರೆಸಿದರು. ಗೋಡೆಯ ಮೊಳೆಗೆ ದಾರದಲ್ಲಿ ತೂಗುಬಿಟ್ಟ, ಬೆರಳುದ್ದದ ತೆಳು ಬೆತ್ತದ ಪಟ್ಟಿಯ ಹತ್ತಿರ ಬಂದು ನಿಂತರು.

“ಇದೇನು?”

“ರೀಡು ಸ್ವಾಮಿ. ಕ್ಲಾರಿಯೊನೆಟ್ ಬಾಯಿಗೆ ಬಿಗಿಯೋದು. ಇದು ನಡುಗಿದ್ರೇನೇ ನಾದ.”

“ನೀನು ತೂಗುಹಾಕಿದ್ದಾ?”

“ಇಲ್ಲ. ಸ್ನಾನಕ್ಕೆ ಹೋಗೋ ಮುಂಚೆ ಊದಿದ್ದೆ. ಒದ್ದೇಲೇ ಮುಚ್ಚಳ ಹಾಕಿಟ್ಟಿದ್ದೆ. ಹಡಗಿನಲ್ಲಿ ಒಣಗಿಸಿದ್ರೆ ಉಪ್ಪು ಗಾಳಿಗೆ ಸೀಳುತ್ತೆ, ಅದೇ ಅಭ್ಯಾಸ…”

ಅವನು ದಾರದ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿ, ಒಳಮನೆಯ ಕಡೆ ತಿರುಗಿದ.

ಪುಸ್ತಕ ಕದಿಯಲು ಬಂದವನು ಎರಡು ತಿರುಪು ಸಡಿಲಿಸಿ, ರೀಡು ಬಿಚ್ಚಿ, ಒರೆಸಿ, ದಾರ ಕಟ್ಟಿ ಒಣಗಲು ಬಿಟ್ಟು ಹೋಗಿದ್ದ. ನಾಗಸ್ವರದವರ ಮನೆಯಲ್ಲಿ ಒದ್ದೆ ಪೀಪಿಯನ್ನು, ಅಂದರೆ ಊದುವ ರೀಡನ್ನು, ಕೊಳವೆಯಲ್ಲಿ ಬಿಡುವುದಿಲ್ಲ. ಬಿಟ್ಟ ಹುಡುಗನಿಗೆ ಏಟು ಬೀಳುತ್ತದೆ. ಊರಿನಲ್ಲಿ ನಾಗಸ್ವರದ ಮನೆ ಇದ್ದದ್ದು ಇದೊಂದೇ. ಮನೆಯಲ್ಲಿ ಆ ವಿದ್ಯೆ ಗೊತ್ತಿದ್ದವನು ಕದಿರೇಶನನ್ನು ಬಿಟ್ಟರೆ ಅಣ್ಣ ನರಸಿಂಹಪ್ಪ ಒಬ್ಬನೇ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಅವನ ಬಾಯಿ ಸೊಟ್ಟಗಾಗಿತ್ತು. ಊದಲು ಬರುತ್ತಿರಲಿಲ್ಲ. ಕೈ ಮಾತ್ರ ಏನನ್ನೂ ಮರೆತಿರಲಿಲ್ಲ.

ಇನ್‌ಸ್ಪೆಕ್ಟರು ಅವನನ್ನು ಹಿತ್ತಲಿಗೆ ಕರೆದೊಯ್ದರು. ಬಚ್ಚಲೊಲೆಯ ಬೂದಿಯನ್ನು ದಫೇದಾರ್ ಕೋಲಿನಿಂದ ಕೆದಕಿದಾಗ ಹಡಗಿನ ಪುಸ್ತಕದ ಅರೆಸುಟ್ಟ ನೀಲಿ ರಟ್ಟು ಸಿಕ್ಕಿತು.

“ಯಾಕೆ ಸುಟ್ಟೆ?”

ನರಸಿಂಹಪ್ಪನ ಮಾತು ತೊದಲಿತು. ಎರಡೆರಡು ಸಲ ಹೇಳಿಸಿಕೊಳ್ಳಬೇಕಾಯಿತು. ಕೆರೆಯ ಕೆಳಗಿನ ಎರಡು ಎಕರೆ ಗದ್ದೆ ವಾಲಗದ ಸೇವೆಗೆಂದು ಬಿಟ್ಟದ್ದು. ಸೇವೆ ನಿಂತರೆ ಗದ್ದೆಯೂ ಇಲ್ಲ. ಎರಡು ವರ್ಷದಿಂದ ಬಾಡಿಗೆ ವಾಲಗದವರನ್ನು ಕರೆಸಿ ಹೇಗೋ ತಳ್ಳಿದ್ದ. ಮದುವೆಯ ಮಾರನೆಯ ದಿನ ಪಟೇಲ ಗುಡಿಯ ಜಗಲಿಗೆ ಕರೆಸಿ, ಯುಗಾದಿಯಿಂದ ನಿನ್ನ ತಮ್ಮನೇ ಬಾಗಿಲಲ್ಲಿ ನಿಂತು ಊದಬೇಕು, ಇಲ್ಲವಾದರೆ ಗದ್ದೆ ಬೇರೆಯವರಿಗೆ ಎಂದಿದ್ದ.

“ಎಂಜಲು ಬಾಯಿ ಅಂದೋರು ಅವರೇ ಅಲ್ಲವಾ?”

“ಮದುವೇಲಿ ಅಂದ್ರು ಸ್ವಾಮಿ. ಗುಡಿ ಬಾಗಿಲಿಗಾದ್ರೆ ಆದೀತು ಅಂದ್ರು. ಮೂರು ಮಕ್ಳವೆ ನಂಗೆ. ಪೆಟ್ಟಿಗೆ ತೆಗೆದೆ, ಪೀಪಿ ಒದ್ದೆಯಾಗಿತ್ತು. ಕೈ ತಾನೇ ಬಿಚ್ಚಿತು.”

ಶ್ರೀರಾಮಪ್ಪನವರು ಪಟೇಲನನ್ನು ಕೇಳಿದರು. ಹಾಗೆ ತಾನು ಹೇಳೇ ಇಲ್ಲ ಎಂದ ಪಟೇಲ. ಬರಹವಿರಲಿಲ್ಲ, ಸಾಕ್ಷಿಯಿರಲಿಲ್ಲ. ಗದ್ದೆಯಿರುವ ಯಾವನು ಸಾಕ್ಷಿ ಹೇಳುತ್ತಾನೆ? ಕಳವಿಗೆ ಕಾನೂನಿನಲ್ಲಿ ಕಲಂ ಇತ್ತು. ಒಬ್ಬನನ್ನು ಆಚೆ ನಿಲ್ಲಿಸಿ, ಆಮೇಲೆ ಅವನಿಗೆ ಹೋಗಲು ಇರುವ ದಾರಿಯನ್ನೂ ಮುಚ್ಚಿಸುವುದಕ್ಕೆ ಕಲಂ ಇರಲಿಲ್ಲ. ಕಾರಣದ ಕಾಲಮಿನಲ್ಲಿ ಇನ್‌ಸ್ಪೆಕ್ಟರು ‘ಮನೆತನದ ವಿಷಯ’ ಎಂದು ಬರೆದರು. ಪಂಚನಾಮೆಗೆ ಪಟೇಲನೇ ಮೊದಲ ರುಜು ಹಾಕಿದ, ದೊಡ್ಡಕ್ಷರದಲ್ಲಿ.

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ನರಸಿಂಹಪ್ಪನ ದಸ್ತಗಿರಿಯಾಯಿತು. ಅವನ ಹೆಂಡತಿ ಎಲ್ಲಮ್ಮ ಬಾಗಿಲಿಗೆ ಬಂದು ಮೈದುನನ ಮುಖ ನೋಡಿದಳು. ದೂರು ತಪ್ಪು ತಿಳುವಳಿಕೆಯಿಂದ ಕೊಟ್ಟದ್ದು ಎಂದು ಬರೆದುಕೊಟ್ಟರೆ ಕೇಸು ಮುಚ್ಚಬಹುದು ಎಂದರು ಇನ್‌ಸ್ಪೆಕ್ಟರು. ಕದಿರೇಶ ಕಾಗದ ಇಸಕೊಂಡು ಜಗಲಿಯ ಅಂಚಿನಲ್ಲಿ ಕೂತು ಬರೆದ. ನಿಬ್ಬು ಎರಡು ಕಡೆ ಕಾಗದವನ್ನು ಸೀಳಿತು. ರುಜು ಹಾಕಿ ದಫೇದಾರನ ಕೈಗೆ ಕೊಟ್ಟ. ಅಣ್ಣನ ಕೈಗೆ ಹಾಕಿದ ಬೇಡಿ ಬಿಚ್ಚುವುದನ್ನು ನೋಡಲು ನಿಲ್ಲದೆ ಒಳಗೆ ಹೋಗಿ, ಕ್ಲಾರಿಯೊನೆಟ್ ಪೆಟ್ಟಿಗೆ ತೆಗೆದುಕೊಂಡು, ಬೂಟು ಹಾಕಿಕೊಂಡೇ ಅಂಗಳಕ್ಕೆ ಇಳಿದ.

ಅಷ್ಟರಲ್ಲಿ ಅರ್ಧ ಊರು ಸೇರಿತ್ತು. ಪಟೇಲ ಜಗಲಿಯಿಂದ ಏಳಲಿಲ್ಲ. ಎಲೆಯಡಿಕೆ ಮಡಿಸುತ್ತಲೇ ಅಂದ:

“ಏನ್ಲಾ, ಪುಸ್ತಕ ಹೋಯ್ತಲ್ಲ, ಹಡಗೂ ಹೋಯ್ತು. ಯುಗಾದಿ ಬೆಳಿಗ್ಗೆ ಗುಡಿ ಬಾಗಿಲಿಗೆ ಬಾ. ಮಿಂದು ಬಾ, ಬೂಟು ಮನೇಲಿಟ್ಟು ಬಾ. ಬರ್ತೀಯಾ?”

ಮುನ್ನೂರು ಜನ ಇರಲಿಲ್ಲ, ಐವತ್ತು ಜನ ಇದ್ದರು. ಎಲ್ಲರೂ ಕದಿರೇಶನ ಬಾಯಿಯನ್ನೇ ನೋಡಿದರು. ಅವನು ಪೆಟ್ಟಿಗೆಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡು, ಜಗಲಿಯ ಮುಂದೆಯೇ ಹಾದು, ಊರು ಬಿಟ್ಟು, ರೈಲು ಸಿಗುವ ಕೋಲಾರದ ರಸ್ತೆ ಹಿಡಿದ.