ಮುದ್ರೆ ಒತ್ತಿದವರು ಹಾಜರಿಲ್ಲ

ಪರದೆಯ ಮೇಲಿನ ಕೆಂಪು ಲಕೋಟೆ ಮೂರನೆಯ ಬಾರಿ ನಡುಗಿ ಮುಚ್ಚಿಕೊಂಡಿತು. ಕೆಳಗೆ ಅದೇ ಸಾಲುಗಳು:

'ಮುದ್ರೆ ಸರಿಯಿದೆ. ಮುದ್ರೆ ಒತ್ತಿದವರು ಹಾಜರಿಲ್ಲ. ದೋಷ: ಯಾವುದೂ ಇಲ್ಲ. ಪತ್ರ ತೆರೆಯಲಾಗದು.'

ನೀಲಾಂಬಿಕಾ ಪಟ್ಟೇದ ಗಡಿಯಾರ ನೋಡಿದಳು. ಮಧ್ಯಾಹ್ನ ಎರಡು ಹತ್ತು. ಮೇಲಿನ ಕೆಂಗೋಡು ಅಣೆಕಟ್ಟಿನಿಂದ ನೀರು ಬಿಟ್ಟಿದ್ದೇವೆಂದು ಫೋನು ಬಂದಿತ್ತು; ಆ ನೀರು ಎರಡೂವರೆಗೆ ಈ ಬ್ಯಾರೇಜಿಗೆ ಬಂದು ಬಡಿಯುತ್ತದೆ. ಅಷ್ಟರೊಳಗೆ ಹನ್ನೊಂದು ಗೇಟುಗಳು ಏಳದಿದ್ದರೆ ನೀರು ಹಿಂದಕ್ಕೆ ಒತ್ತಿ ಕುಂಬಾರಹಾಳಕ್ಕೆ ನುಗ್ಗುತ್ತದೆ. ಅಲ್ಲಿ ಮುನ್ನೂರು ಮನೆಗಳಿವೆ. ಗೇಟು ಎತ್ತುವುದು ಈಗ ಯಂತ್ರದ ಕೆಲಸ. ಮೇಲಿನ ಅಣೆಕಟ್ಟಿನ ಇಂಜಿನಿಯರ್ ಹೊಸಮನಿಯವರು ಮುದ್ರೆ ಒತ್ತಿದ ಇಮೇಲ್ ತೆರೆದುಕೊಳ್ಳದೆ ಆ ಯಂತ್ರ ಅಲುಗಾಡದು.

ನಾಲ್ಕು ವರ್ಷದ ಹಿಂದೆ ಯಾರೋ ಕೃತಕವಾಗಿ ಸೃಷ್ಟಿಸಿದ ದನಿಯೊಂದನ್ನು ಫೋನಿನಲ್ಲಿ ನಂಬಿ ಗೇಟು ಎತ್ತಿದ್ದರಿಂದ ಕೆಳಗಿನ ಮೀನುಗಾರರ ತೆಪ್ಪಗಳು ಕೊಚ್ಚಿಹೋಗಿದ್ದವು. ಅಂದಿನಿಂದ ಸರ್ಕಾರ ನಂಬಿದ್ದು 'ಕೈನಡೆ'ಯನ್ನು. ಒಬ್ಬೊಬ್ಬರು ನಡೆಯುವ ರೀತಿ ಬೇರೆಯಾಗಿರುವಂತೆ, ಕೀಲಿಮಣೆಯ ಮೇಲೆ ಬೆರಳುಗಳ ನಡಿಗೆಯೂ ಬೇರೆ. ಎರಡು ಅಕ್ಷರಗಳ ನಡುವಿನ ಬಿಡುವನ್ನೂ ಒತ್ತುವ ಭಾರವನ್ನೂ ತಂತ್ರಾಂಶ ಕಲಿತುಕೊಳ್ಳುತ್ತದೆ. ಮುದ್ರೆಯ ಗುಪ್ತಸಂಖ್ಯೆಯ ಜೊತೆ ಅದರೊಡೆಯರ ಕೈನಡೆಯೂ ಕೂಡಿದರಷ್ಟೇ ಪತ್ರದ ಬೀಗ ತೆರೆಯುತ್ತದೆ.

ಅದನ್ನು ರೂಪಿಸಿದ ವಿಜ್ಞಾನಿ ಡಾ. ಯದುಗಿರಿ ಮೈಸೂರಿನ ಪ್ರಯೋಗಾಲಯದಿಂದ ಪರದೆಯ ಮೂಲೆಯಲ್ಲಿ ಕಾಣಿಸಿಕೊಂಡಿದ್ದರು.

"ಮೇಡಂ, ದೋಷ ಇಲ್ಲಂತ ಬರ್ದೈತ್ರಿ. ಮತ್ತ ಯಾಕ ತೆರೀವಲ್ದು?"

"ದೋಷ ಯಂತ್ರದಲ್ಲಿ ಇಲ್ಲ ಅಂತ ಅರ್ಥ ಕಣಮ್ಮಾ. ಗುಪ್ತಸಂಖ್ಯೆ ಹೊಸಮನಿಯವರದ್ದೇ. ಕೈ ಅವರದ್ದಲ್ಲ."

"ಹಂಗಂತನ ಬರೀಬಾರದೇನ್ರಿ?"

"ಬರೆದಿದ್ವಿ. ಕಳ್ಳನಿಗೂ ತಿಳಿದುಹೋಗುತ್ತೆ ಅಂತ ಸಮಿತಿಯವರು ತಿದ್ದಿಸಿದ್ರು." ಯದುಗಿರಿ ಕೈನಡೆಯ ನಕ್ಷೆಯನ್ನು ಪರದೆಗೆ ತಂದರು. "ಇಲ್ನೋಡಿ. ಒಂದಕ್ಷರ, ನಿಲುಗಡೆ. ಇನ್ನೊಂದಕ್ಷರ, ನಿಲುಗಡೆ. ಒತ್ತಕ್ಷರ ಬಂದ ಕಡೆಯೆಲ್ಲ ನಾಲ್ಕು ಸೆಕೆಂಡು! ಇದು ಮನುಷ್ಯರ ಕೈ ಥರಾನೇ ಇಲ್ಲ. ಯಾರೋ ಮೋಸ ಮಾಡ್ತಿದ್ದಾರೆ. ಗೇಟು ಮುಟ್ಟಬೇಡಿ."

ನೀಲಾಂಬಿಕಾ ನಕ್ಷೆಯತ್ತ ಬಾಗಿ ನೋಡಿದಳು. ಆ ನಿಲುಗಡೆ ಅವಳಿಗೆ ಗೊತ್ತು. ಕಳೆದ ಸೋಮವಾರ ಇಲ್ಲಿಗೆ ವರ್ಗವಾಗಿ ಬರುವವರೆಗೆ ಮೂರು ವರ್ಷ ಅವಳು ಹೊಸಮನಿಯವರ ಗುಮಾಸ್ತೆ. ಸಾಹೇಬರು ಒಂದೆರಡು ಅಕ್ಷರ ಒತ್ತಿ ಬೇಸತ್ತು, ಕಿಟಕಿಯ ಬಳಿ ನಿಂತು ಹೇಳುವುದು, ಇವಳು ಟೈಪ್ ಮಾಡುವುದು. 'ನೀನ ಹೊಡಿಯವ್ವಾ, ನನ್ನ ಬೆರಳು ದಪ್ಪ.' ಅವರ ಗುಪ್ತಸಂಖ್ಯೆಯೂ ಇವಳಿಗೇ ಬಾಯಿಪಾಠ. ಇದರಲ್ಲೊಂದು ತಪ್ಪಿದೆ ಎಂದು ಕಚೇರಿಯಲ್ಲಿ ಯಾರಿಗೂ ಅನಿಸಿರಲಿಲ್ಲ.

ಎದುರಿನ ಗೋಡೆಯ ಮೇಲೆ ಸುತ್ತೋಲೆ ತೂಗುತ್ತಿತ್ತು: ಪರರ ಮುದ್ರೆ ಒತ್ತಿದವರು ಕೆಲಸದಿಂದ ವಜಾ.

ಎರಡು ಹದಿನೆಂಟು.

"ಮೇಡಂ," ಎಂದಳು. ಸಭೆಗಳಲ್ಲಿ ಎಂದೂ ಬಾಯಿ ತೆರೆಯದವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. "ಅವು ಸಾಹೇಬ್ರ ಬೆರಳ ಅದಾವ್ರಿ. ಒಂದ ಬೆರಳಿಲೆ ಹೊಡೀತಾರ. ಒತ್ತಕ್ಷರ ಸಿಗಲಿಲ್ಲಂದ್ರ ಚಸ್ಮಾ ತಗದು ಒರಸ್ತಾರ."

"ಹಾಗಾದ್ರೆ ಮೂರು ವರ್ಷ ನನ್ನ ಯಂತ್ರ ಕಲಿತದ್ದು ಯಾರ ಕೈಯನ್ನ?"

ನೀಲಾಂಬಿಕಾ ಕುರ್ಚಿ ಎಳೆದುಕೊಂಡು ಹೊಸ ಪತ್ರವೊಂದರಲ್ಲಿ ಹೊಸಮನಿಯವರ ಹೆಸರನ್ನೂ ಗುಪ್ತಸಂಖ್ಯೆಯನ್ನೂ ಒತ್ತಿದಳು.

"ನಾನು ಅನುಮತಿ ಕೊಡೋಕಾಗಲ್ಲ! ಇದೆಲ್ಲ ದಾಖಲಾಗ್ತಿದೆ, ತಿಳೀತಾ?"

"ಆಗಲಿ ಬಿಡ್ರಿ."

'ಹನ್ನೊಂದೂ ಗೇಟುಗಳನ್ನು ತಕ್ಷಣ ಎತ್ತತಕ್ಕದ್ದು.' ಬೆರಳುಗಳು ಎಲ್ಲಿಯೂ ತಡವರಿಸಲಿಲ್ಲ.

'ಹೊಸಮನಿಯವರೇ, ನಮಸ್ಕಾರ,' ಎಂದಿತು ಪರದೆ. ಲಕೋಟೆ ತೆರೆದುಕೊಂಡಿತು. ಸೈರನ್ ಕೂಗಿತು; ತೆಪ್ಪದವರು ದಡಕ್ಕೆ ಹುಟ್ಟು ಹಾಕಿದರು. ಗೇಟುಗಳು ನರಳುತ್ತ ಮೇಲೆದ್ದವು. ಎರಡು ಮೂವತ್ತೊಂದಕ್ಕೆ ಬಂದ ಕೆಂಪು ನೀರು ಅವುಗಳ ಅಡಿಯಿಂದ ಹಾದುಹೋಯಿತು.

ಫೋನು ಎಷ್ಟು ಹೊತ್ತಿನಿಂದ ಬಡಿದುಕೊಳ್ಳುತ್ತಿತ್ತೋ. "ಹೋತೇನವ್ವಾ ನೀರು?" ಸಾಹೇಬರ ದನಿ.

"ಹೋತ್ರಿ ಸಾಹೇಬ್ರ."

ಅವಳು ಕೈ ಒರೆಸಿಕೊಂಡು, ಹೋದ ವಾರವಷ್ಟೇ ತನಗೆ ಬಂದಿದ್ದ ಹೊಸ ಮುದ್ರೆಯನ್ನು ತೆರೆದಳು. ಮೂರು ವರ್ಷ ತಾನು ಮಾಡಿದ್ದನ್ನೂ ಇಂದು ಮಾಡಿದ್ದನ್ನೂ ಇಲಾಖೆಗೆ ಬರೆದು ಕಳುಹಿಸಿದಳು.

'ಮುದ್ರೆ ಸರಿಯಿದೆ. ಮುದ್ರೆ ಒತ್ತಿದವರು ಹಾಜರಿಲ್ಲ.'

ಯದುಗಿರಿ ಅವಳ ಕೈನಡೆಯ ನಕ್ಷೆಯನ್ನು ಪರದೆಗೆ ತಂದರು. "ಯಂತ್ರದ ಪಾಲಿಗೆ ಈ ಕೈ ಹೊಸಮನಿಯವರದ್ದು ಕಣಮ್ಮಾ. ನೀವು ಅಂತ ಒಬ್ಬರು ಇದ್ದೀರಿ ಅನ್ನೋದೇ ಅದಕ್ಕೆ ಗೊತ್ತಿಲ್ಲ. ಮೊದಲಿಂದ ಕಲಿಸಬೇಕು. ನಿಮ್ಮ ಹೆಸರು ಹೊಡೀರಿ. ಇಪ್ಪತ್ತು ಸಲ."

ನೀಲಾಂಬಿಕಾ ಕೀಲಿಮಣೆಯ ಮೇಲೆ ಕೈಯಿಟ್ಟಳು. ಸಾಹೇಬರ ಆದೇಶಗಳಲ್ಲಿ ಓಡಿಯೇ ಓಡುತ್ತಿದ್ದ ಬೆರಳುಗಳು ತನ್ನ ಹೆಸರಿನಲ್ಲಿ ಒಂದೊಂದಾಗಿ ನಡೆದು, 'ಪಟ್ಟೇದ'ದ ಒತ್ತಕ್ಷರದ ಮುಂದೆ ನಿಂತುಬಿಟ್ಟವು. ನಕ್ಷೆಯಲ್ಲಿ ಅದು ದಾಖಲಾಯಿತು: ನಾಲ್ಕು ಸೆಕೆಂಡು.