ಬೂದಿಯ ಗೂಡು

“ಇದನ್ನ ನನಗ ಕೊಟ್ಬಿಡ್ರಿ. ಈ ಗೂಡಿನ್ಯಾಗ ಇದು ಬ್ಯಾಸಗಿ ದಾಟೂದಿಲ್ಲ.”

ಅಳತೆ ಟೇಪು ಹಿಡಿದು ನಿಂತಿದ್ದ ಬಡಿಗ ಮೌನೇಶನ ಮಾತಿಗೆ ತುಳಜಾ ಸಿಡುಕಿದಳು.

“ಹೊಸ ಗೂಡು ಮಾಡಾಕ ಕರದೇನಿ, ಭವಿಷ್ಯ ಹೇಳಾಕಲ್ಲ!”

“ಮೈತುಂಬ ಇಷ್ಟು ದಪ್ಪ ತುಪ್ಪಳ. ಮ್ಯಾಲ ತಗಡು. ಗ್ವಾಡಿ ಮುಟ್ಟಿ ನೋಡ್ರಿ, ಹೆಂಗ ಸುಡತೈತಿ!”

ಗೂಡಿನೊಳಗಿಂದ ಅವಳ ಸಾಕುಪ್ರಾಣಿ ಬೂದಿ ಅವನ ಬೆರಳು ಮೂಸಿತು. ಮೊಲದಷ್ಟು ಮೆತ್ತಗಿನ, ಅಳಿಲಿನ ಬಾಲದ ಚಿಂಚಿಲಾ ಅದು. ತಣ್ಣನೆಯ ಬೆಟ್ಟಗಳ ಜೀವ, ಸೆಕೆ ತಡೆಯದು.

ಹೋದ ಏಪ್ರಿಲ್‌ನಲ್ಲಿ ಇದರ ಜೋಡಿ ಇದೇ ಗೂಡಿನಲ್ಲಿ ಸತ್ತಿತ್ತು. ಶಾಲೆಯಲ್ಲಿ ಪಾಠ ಮುಗಿಸಿ ಬಂದು ತುಳಜಾ ಎತ್ತಿಕೊಂಡಾಗ ಅದರ ಮೈ ಇನ್ನೂ ಬಿಸಿಯಿತ್ತು. ಅದನ್ನವಳು ಯಾರಿಗೂ ಹೇಳಿರಲಿಲ್ಲ.

ಈಗ ಮತ್ತೆ ಏಪ್ರಿಲ್...

ಮರುದಿನದಿಂದ ಮೌನೇಶ ಕೆಲಸ ಹಿಡಿದ. ತಗಡಿನ ಕೋಣೆ ಬಿಟ್ಟು, ಹೊಸದಾಗಿ ಎಸಿ ಹಾಕಿಸಿದ್ದ ಒಳಕೋಣೆಯಲ್ಲಿ ಆಳೆತ್ತರದ ಗೂಡು ನಿಲ್ಲಿಸಿದ. ಹಳೆಯ ಗೂಡಿನ ಪ್ಲಾಸ್ಟಿಕ್ ತಟ್ಟೆಗಳನ್ನು ಕಿತ್ತೆಸೆದ. ಬಿದ್ದರೆ ಕಾಲು ಮುರಿಯದಂತೆ ಹಲಗೆಗಳನ್ನು ಹತ್ತಿರ ಹತ್ತಿರ ಕೂಡಿಸಿದ.

“ಪಾಲಿಶ್ ಮಾಡೂದಿಲ್ಲೇನ್ರಿ?”

“ಇದು ಕಟ್ಟಿಗಿ ಕಡೀತೈತ್ರಿ. ಪಾಲಿಶ್ ಹೊಟ್ಟಿಗೆ ಹೋದ್ರ ವಿಷ.”

ಪ್ರತಿ ಹಲಗೆಯನ್ನೂ ಉಜ್ಜಿ, ಕೆನ್ನೆಗೆ ಒತ್ತಿ ನುಣುಪು ನೋಡುತ್ತಿದ್ದ. ತುಳಜಾ ಚಹಾ ಹಿಡಿದು ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. ಇಷ್ಟು ಕಾಳಜಿ ಯಾಕೆ ಇವನಿಗೆ?

“ಕರೆಂಟ್ ಹ್ವಾದ್ರ ಏನ್ ಮಾಡ್ತೀರಿ?” ಎಂದು ಒಮ್ಮೆ ಕೇಳಿದ.

ಅವಳು ಎಸಿಯ ಕಡೆಗೊಮ್ಮೆ ನೋಡಿ, ಚಹಾದ ಲೋಟ ಅವನ ಮುಂದಿಟ್ಟಳು.

ಇಪ್ಪತ್ತನೆಯ ದಿನ, ಗುರುವಾರ, ಚಿಲಕ ಹಾಕುವುದಷ್ಟೇ ಬಾಕಿ; ಬೂದಿಯನ್ನು ಆಗಲೇ ಹೊಸ ಗೂಡಿಗೆ ಬಿಟ್ಟು ಬಾಗಿಲಿಗೆ ದಾರ ಕಟ್ಟಿದ್ದರು. ಮೌನೇಶ ಬಂದರೆ ಕೊಡಲೆಂದು ಪಕ್ಕದ ಮನೆಯ ದುರ್ಗವ್ವನ ಬಳಿ ಕೀಲಿ ಕೊಟ್ಟು ತುಳಜಾ ಶಾಲೆಗೆ ಹೋದಳು.

ಎರಡು ಗಂಟೆಗೆ ಮರಳಿದಾಗ ಮನೆ ಕುಲುಮೆಯಾಗಿತ್ತು. ಎಸಿ ಸದ್ದಿಲ್ಲ. ಗೂಡಿನ ಬಾಗಿಲು ತೆರೆದಿತ್ತು.

ಒಳಗೆ ಬೂದಿ ಇರಲಿಲ್ಲ!

“ಬಡಿಗ್ಯಾ ಚೀಲದಾಗ ಏನೋ ಹಾಕ್ಕೊಂಡು ಓಡಿಹ್ವಾದ ನೋಡವಾ” ಎಂದಳು ದುರ್ಗವ್ವ. “ಕರದ್ರೂ ಹೊಳ್ಳಿ ನೋಡ್ಲಿಲ್ಲ.”

ಕೊಟ್ಬಿಡ್ರಿ ಎಂದು ಮೊದಲ ದಿನವೇ ಕೇಳಿದ್ದನಲ್ಲ!

ಆಟೋ ಹತ್ತಿ ಅವನ ಊರು ಕೋಗಿಲಬನಕ್ಕೆ ಧಾವಿಸಿದಳು. ದಾರಿಯುದ್ದಕ್ಕೂ ಒಂದು ಎಲೆಯೂ ಅಲುಗಲಿಲ್ಲ. ಹೊಳೆದಂಡೆಯ ಅವನ ಕೆಲಸದ ಮನೆಯ ಕದ ಅರ್ಧ ಮುಚ್ಚಿತ್ತು. ಒಳಗೆ ಕತ್ತಲೆ. ತಳ್ಳಿದಳು.

“ಕಳ್ಳಾ! ನಿನ್ನ ನಂಬಿದ್ದೆನಲ್ಲೋ...”

ನೆಲದ ಕಲ್ಲಿನ ಮೇಲೆ ಬೂದಿ ಅಡ್ಡ ಬಿದ್ದಿತ್ತು. ಅಲುಗಾಟವಿಲ್ಲ. ಮೌನೇಶ ಒದ್ದೆ ಬಟ್ಟೆಯನ್ನು ಅದರ ಕಿವಿಗೆ ಒತ್ತುತ್ತಿದ್ದ.

“ಸಣ್ಣಗ ಉಸರೈತಿ... ಕರೆಂಟ್ ಹೋಗಿ ಎಷ್ಟೊತ್ತಾಗಿತ್ತೋ. ನಾ ಬಂದಾಗ ಕಿವಿ ಕೆಂಪಾಗಿ ಬಿದ್ದಿತ್ರಿ. ಹಳಿಯಾಳದ ದನದ ಡಾಕ್ಟರಿಗೆ ಫೋನ್ ಮಾಡಿದೆ. ತಂಪು ಕಲ್ಲಿನ ಮ್ಯಾಲ ಮಲಗಸು, ನೀರಾಗ ಮುಳುಗಸಬ್ಯಾಡ ಅಂದ್ರು. ಹೊಳಿದಂಡಿ ನೆಲ ತಂಪಂತ ಇಲ್ಲಿಗೆ ತಂದೆ. ಅವರೂ ಇಲ್ಲಿಗೇ ಹೊರಟಾರಂತ. ನೀವ್ ಫೋನ್ ಎತ್ತಲಿಲ್ಲ...”

ಪರೀಕ್ಷಾ ಕೋಣೆಗೆ ಹೋಗುವಾಗ ಸೈಲೆಂಟ್ ಮಾಡಿದ್ದ ಮೊಬೈಲನ್ನು ಈಗ ತೆಗೆದಳು. ಅವನ ಹನ್ನೊಂದು ಕರೆಗಳು!

ಇಬ್ಬರೂ ಆ ಪುಟ್ಟ ಪಕ್ಕೆಯ ಏರಿಳಿತವನ್ನೇ ನೋಡುತ್ತ ಕುಳಿತರು. ಒಮ್ಮೆ ಅದು ನಿಂತೇಹೋಯಿತು ಎನಿಸಿ ಅವಳು ಅವನ ತೋಳನ್ನು ಬಿಗಿಯಾಗಿ ಹಿಡಿದಳು.

ಡಾಕ್ಟರ ಗಾಡಿಯ ಸದ್ದು ದೂರದಲ್ಲಿ ಕೇಳುವ ಹೊತ್ತಿಗೆ ಬೂದಿಯ ಮೀಸೆ ಅದುರಿತು. ಅದು ತಡವರಿಸಿ ಎದ್ದು, ಅವಳ ಬೆರಳು ಮೂಸಿತು.

ಅವಳು ಬಿಕ್ಕಿದಳು. “ಹೋದ ವರ್ಷ ಇದರ ಜೋಡೀನ ನಾನ ಸೆಕಿಯಾಗ ಬಿಟ್ಟು ಕೊಂದೇನಿ. ಇವತ್ತ ನಿಮ್ಮನ್ನ ಕಳ್ಳ ಅಂದೆ...”

“ಕಳ್ಳ ಅಂದದ್ದು ಸುಳ್ಳಲ್ರಿ” ಎಂದ ತಲೆ ತಗ್ಗಿಸಿ. “ನಾಕು ದಿನದ ಕೆಲಸಾನ ಇಪ್ಪತ್ತು ದಿನ ಎಳದೇನಿ. ಮುಗದ್ರ ನಿಮ್ಮನ್ನ ನೋಡೂದು ತಪ್ಪತಿತ್ತು.”

ಅವಳ ಕೈ ಇನ್ನೂ ಅವನ ತೋಳಿನ ಮೇಲೇ ಇತ್ತು. ತೆಗೆಯಲಿಲ್ಲ.

“ಇಷ್ಟಾದ್ರೂ ನನ್ನ ‘ರೀ’ ಅಂತೀರಲ್ಲ?”

“ಮತ್ತೇನನ್ಲಿ?”

“ಹೆಸರಿಲ್ಲೇನು ನನಗ?”

“...ತುಳಜಾ.”

“ಹೂಂ.”