ತೇಲುಸಿದ್ಧನ ಪಾದಪೂಜೆ

ಬಹಳ ಹಿಂದೆ, ಯಾವ ದಾರಿಹೋಕನೂ ಎರಡು ಸಲ ಕಾಣದ ಒಂದು ರಾಜ್ಯದಲ್ಲಿ, ಕನ್ನಡಿಕೆರೆಯ ನೀರಿನ ಮೇಲೆ ತೇಲುಸಿದ್ಧನೆಂಬ ಮಾಂತ್ರಿಕ ಬರಿಗಾಲಲ್ಲಿ ನಡೆಯುತ್ತಿದ್ದ. ರಾಜನಿಂದ ಹಿಡಿದು ಎಲ್ಲರೂ ಅವನಿಗೆ ಅಡ್ಡಬಿದ್ದರು. ಅಗಸರ ತಿಪ್ಪವ್ವ ಮಾತ್ರ ಬೀಳಲಿಲ್ಲ. ಕೆರೆಗೆ ಅಂಟುವಾಳ ತರಬಾರದೆಂದು ಅವನು ಡಂಗುರ ಸಾರಿಸಿದ್ದ. ಬಟ್ಟೆ ಒಗೆಯೋ ಕಾಯಿ ಕಂಡರೆ ಇವನಿಗೇನು ಭಯ?

ಅವಳ ಗಂಡ, ಹರಿಗೋಲಿನ ಕೆಂಚಪ್ಪ, ಇದನ್ನೇ ಹೋಗಿ ಕೇಳಿದ. ಕೇಳಿದವನು ಮನೆಗೆ ಬರಲಿಲ್ಲ.

"ತೀರ್ಥಯಾತ್ರೆಗೆ ಹೋದನಮ್ಮ," ಅಂದ ಸಿದ್ಧ.

ಎಲೆಅಡಿಕೆ ಚೀಲ ಬಿಟ್ಟು ಪಕ್ಕದ ಊರಿಗೂ ಹೋಗದ ಗಂಡಸು ಯಾತ್ರೆಗೆ ಹೋದನಂತೆ! ಯಾರ ಕಿವಿಗೆ ಹೂವಿಡ್ತಾನೆ ಇವನು?

ತಿಪ್ಪವ್ವ ಕೆರೆಯಂಚಿಗೆ ಹೋದಳು. ನೀರಿನ ಮೇಲೆ ಓಡಾಡೋ ಉದ್ದಕಾಲಿನ ಹುಳವೊಂದು ಗಂಡನ ದನಿಯಲ್ಲಿ ಮಾತಾಡಿತು. "ತಿಪ್ಪಿ, ನಾನೇ ಕಣೇ! ಪ್ರಶ್ನೆ ಕೇಳಿದೋರನ್ನೆಲ್ಲ ಹುಳ ಮಾಡಿದಾನೆ. ನೀರಿಗೂ ತೊಗಲಿದೆ, ಮಂತ್ರ ಹಾಕಿ ಅದನ್ನ ಬಿಗಿದಿದಾನೆ. ಅದು ಹರಿದರೆ ಅವನು ಮುಳುಗ್ತಾನೆ. ಆಗ ದಡ ಮುಟ್ಟಿದ್ರೆ ಮನುಷ್ಯರಾಗ್ತೀವಿ, ಇಲ್ಲದಿದ್ರೆ ನಾವೂ ಮುಳುಗ್ತೀವಿ."

ತಿಪ್ಪವ್ವನಿಗೆ ಅಂಟುವಾಳದ ಡಂಗುರ ನೆನಪಾಯಿತು. ಮನೆಗೆ ಬಂದು ಪರಾತದ ನೀರಿಗೆ ಮೆಣಸಿನ ಪುಡಿ ಉದುರಿಸಿ, ನಟ್ಟನಡುವೆ ಒಂದು ತೊಟ್ಟು ಅಂಟುವಾಳದ ರಸ ಬಿಟ್ಟಳು. ಪುಡಿಯೆಲ್ಲ ಸರ್ರನೆ ಅಂಚಿಗೆ ಓಡಿತು. ಹಾಗಾದರೆ ಸುರಿಯಬೇಕಾದ್ದು ದಡದಲ್ಲಲ್ಲ, ಅವನ ಕಾಲಬುಡದಲ್ಲೇ.

ಮರುದಿನ ಅಂಟುವಾಳದ ರಸ ತುಂಬಿದ ಕೊಡ ಕುಲುಕದಂತೆ ಹರಿಗೋಲು ನಡೆಸಿಕೊಂಡು ಕೆರೆಯ ನಡುವಿಗೆ ಹೋದಳು. ಸಿದ್ಧನ ಸುತ್ತ ಹುಳಗಳು ಆಳುಗಳಂತೆ ನಿಂತಿದ್ದವು.

"ಪಾದಪೂಜೆಗೆ ಬಂದೆ, ಸ್ವಾಮಿ."

ಸಿದ್ಧ ಕಣ್ಣು ಕಿರಿದು ಮಾಡಿದ. "ನೀರು ಯಾಕೆ ಕಂದು?"

"ಬೆಲ್ಲ ಕದಡಿದೀನಿ."

"ನೊರೆ ಯಾಕೆ?"

"ಈಗಷ್ಟೇ ಕರೆದ ಹಾಲು, ಸ್ವಾಮಿ."

"ಹಾಗಾದ್ರೆ ನೀನೇ ಮೊದಲು ಕುಡಿ."

ಅಯ್ಯೋ ದೇವರೇ, ಅಂಟುವಾಳದ ಕಹಿ! ಮುಖ ಕಿವುಚದೆ ಒಂದು ಬೊಗಸೆ ಕುಡಿದಳು. "ಅಮೃತ," ಅಂದಳು.

ಸಿದ್ಧ ಪಾದ ಚಾಚಿದ. ತಿಪ್ಪವ್ವ ಇಡೀ ಕೊಡ ಸುರಿದಳು. ನೀರಿನ ತೊಗಲು ಅವನ ಕಾಲಬುಡದಲ್ಲಿ ಬಿರಿದು ನಾಲ್ಕೂ ದಿಕ್ಕಿಗೆ ಓಡಿತು. ಹುಳಗಳನ್ನೆಲ್ಲ ಎಳೆದೊಯ್ದು ದಡಕ್ಕೆ ಎಸೆಯಿತು. ಸಿದ್ಧ ಗುಳುಂ ಎಂದು ಮುಳುಗಿದವನು ಮತ್ತೆ ಏಳಲಿಲ್ಲ.

ದಡದ ಮೇಲೆ ಹುಳಗಳೆಲ್ಲ ಮನುಷ್ಯರಾಗಿ ನಿಂತವು. ಹರಿಗೋಲು ದಡ ಮುಟ್ಟುತ್ತಲೇ ಕೆಂಚಪ್ಪ ಓಡಿಬಂದ. ತಿಪ್ಪವ್ವ ಹಿಂದೆ ಸರಿದಳು.

"ನೀನೇ ಅಂತ ಹೇಗೆ ನಂಬಲಿ?"

"ಅಳುವಾಗ ನಿನ್ನ ಎಡಗಣ್ಣಲ್ಲೇ ಮೊದಲು ನೀರು ಬರೋದು," ಅಂದ ಅವನು.

ಹಾಗೇ ಬಂತು.

ಆಮೇಲೆ ಆ ರಾಜ್ಯದವರೆಲ್ಲ ಬಟ್ಟೆ ಒಗೆದು, ಕೇಳಬೇಕಾದ್ದನ್ನು ಕೇಳಿ, ನೆಮ್ಮದಿಯಾಗಿ ಬಾಳಿದರು.